ಸಿಬಿಎಸ್‌ಇಯಿಂದ ಊರಿನ ಕನ್ನಡ ಮಾಧ್ಯಮ ಶಾಲೆಗೆ: 3ನೇ ಮತ್ತು 6ನೇ ತರಗತಿಯಲ್ಲಿ ಏನೇನು ಬದಲಾಗುತ್ತೆ?

ಬಾಗೇಪಲ್ಲಿ ಪೋಷಕ

ಜೂನ್‌ನಿಂದ ಬೆಂಗಳೂರು ಬಿಟ್ಟು ಬಾಗೇಪಲ್ಲಿ ತಾಲ್ಲೂಕಿನ ನಮ್ಮೂರಿಗೆ ಬರುತ್ತಿದ್ದೇವೆ. ಮಗಳು ಸಿಬಿಎಸ್‌ಇ ಇಂಗ್ಲಿಷ್ ಮಾಧ್ಯಮದಲ್ಲಿ 5 ಮುಗಿಸಿದ್ದಾಳೆ, ಮಗ 2 ಮುಗಿಸಿದ್ದಾನೆ. ಊರಲ್ಲಿರುವುದು 1ರಿಂದ 7ರವರೆಗಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕನ್ನಡ ಮಾಧ್ಯಮ. ಮನೆಮಾತು ತೆಲುಗು. ಇಬ್ಬರೂ ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಆದರೆ ಓದು ಬರಹ ಎರಡನೇ ಭಾಷೆಯ ಮಟ್ಟದಲ್ಲೇ ಇದೆ.

ಕೇಳಬೇಕಿರುವುದು ಇಷ್ಟು. 1, 2, 3ನೇ ತರಗತಿ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸುತ್ತಾರಂತೆ, ಹಾಗಾದರೆ ಮಗ 3ನೇ ತರಗತಿ ಪಾಠ ಕಲಿಯುವುದು ಹೇಗೆ? ಮಗಳಿಗೆ 6ರಲ್ಲಿ ಯಾವ ವಿಷಯ ಕಷ್ಟವಾಗಬಹುದು, ರಜೆಯಲ್ಲಿ ಏನು ಓದಿಸಬೇಕು? ಪರೀಕ್ಷೆ ಹೇಗೆ? 7 ಆದಮೇಲೆ ಮುಂದೇನು? ಶಾಲೆ ಒಳ್ಳೆಯದಾ ಕೆಟ್ಟದಾ ಅನ್ನುವ ಚರ್ಚೆ ಬೇಡ, ಸೇರಿಸುವುದು ನಿರ್ಧಾರ ಆಗಿದೆ.

ಚಿಂತಾಮಣಿ ನಲಿಕಲಿ

ಮೊದಲು ಒಟ್ಟು ಚೌಕಟ್ಟು ಹೇಳಿಬಿಡ್ತೀನಿ ಸರ್. 1ರಿಂದ 3 ನಲಿ-ಕಲಿ, ಅಂದ್ರೆ ಪುಸ್ತಕದ ಪಾಠದ ಬದಲು ಕಾರ್ಡು, ಚಟುವಟಿಕೆಗಳಿಂದ ಕಲಿಯೋ ಪದ್ಧತಿ. 4 ಮತ್ತು 5ರಲ್ಲಿ ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನ ಅಂತ ನಾಲ್ಕು ವಿಷಯ. 6ಕ್ಕೆ ಬಂದಾಗ ಪರಿಸರ ಅಧ್ಯಯನ ಒಡೆದು ವಿಜ್ಞಾನ, ಸಮಾಜ ವಿಜ್ಞಾನ ಎರಡಾಗುತ್ತೆ, ತೃತೀಯ ಭಾಷೆ, ಸಾಮಾನ್ಯವಾಗಿ ಹಿಂದಿ, ಹೊಸದಾಗಿ ಸೇರುತ್ತೆ. ನಾಲ್ಕಿದ್ದದ್ದು ಒಂದೇ ಸಲ ಆರು. 7, 8ರಲ್ಲೂ ಅದೇ ಆರು. ಮಕ್ಕಳು ಮುಗ್ಗರಿಸೋದು ಸಾಮಾನ್ಯವಾಗಿ ಮೂರು ಕಡೆ: 3ರಿಂದ 4ಕ್ಕೆ, 5ರಿಂದ 6ಕ್ಕೆ, 7ರಿಂದ 8ಕ್ಕೆ. ನಿಮ್ಮ ಮಗಳು ಈಗಲೇ ಎರಡನೇ ಮೆಟ್ಟಿಲ ಮುಂದೆ ನಿಂತಿದ್ದಾಳೆ, ಮಗನಿಗೆ ಮೊದಲನೇದು ಇನ್ನೊಂದು ವರ್ಷ ದೂರ.

ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಲ್ಲಿ ಶುರುವಾಯ್ತು. ಮಾದರಿ ಬಂದಿದ್ದು ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯಿಂದ, ಅಂದ್ರೆ ನಮ್ಮ ಗಡಿ ದಾಟಿದರೆ ಸಿಗೋ ಜಾಗದಿಂದ ಮೈಸೂರು ಕಡೆ ಹೋಗಿ ವಾಪಸ್ ನಮ್ಮ ಜಿಲ್ಲೆಗೆ ಬಂತು. ಇಲ್ಲಿ "ಇವತ್ತು ಯಾವ ಪಾಠ ಆಯ್ತು" ಅನ್ನೋ ಪ್ರಶ್ನೆಗೆ ಅರ್ಥವಿಲ್ಲ. ಕಲಿಯಬೇಕಾದ್ದನ್ನೆಲ್ಲ ಸಣ್ಣ ಸಣ್ಣ ಕಾರ್ಡುಗಳಾಗಿ ಒಡೆದು ಕಲಿಕಾ ಏಣಿಯಲ್ಲಿ ಸಾಲಾಗಿ ಇಟ್ಟಿರ್ತಾರೆ. ಪ್ರತಿ ಮಗು ತಾನಿರೋ ಮೆಟ್ಟಿಲ ಕಾರ್ಡ್ ತಗೊಂಡು, ಆ ಕಾರ್ಡಿನ ಚಿಹ್ನೆ ಯಾವ ತಟ್ಟೆಗೆ, ಅಂದ್ರೆ ಯಾವ ಗುಂಪಿಗೆ, ಸೇರಿದ್ದೋ ಅಲ್ಲಿ ಕೂರುತ್ತೆ. ಒಂದು ತಟ್ಟೆಯಲ್ಲಿ ಶಿಕ್ಷಕರ ಸಂಪೂರ್ಣ ಸಹಾಯ, ಇನ್ನೊಂದರಲ್ಲಿ ಭಾಗಶಃ ಸಹಾಯ, ಮತ್ತೆ ಸಹಪಾಠಿಗಳ ಸಹಾಯ, ಕೊನೆಗೆ ಸ್ವಕಲಿಕೆ. ಆದ್ದರಿಂದ ಒಂದೇ ಗುಂಪಲ್ಲಿ 2ನೇ ತರಗತಿಯವನೂ 3ನೇ ತರಗತಿಯವಳೂ ಇರಬಹುದು. ಮಗು ಒಂದು ವಾರ ರಜೆ ಹಾಕಿದರೆ ಪಾಠ ತಪ್ಪಲ್ಲ, ಬಿಟ್ಟ ಕಾರ್ಡಿಂದಲೇ ಮುಂದುವರಿಯುತ್ತೆ.

ಅಕ್ಷರ ಕಲಿಸೋ ಕ್ರಮ ನೋಡಿ ಪೋಷಕರು ಗಾಬರಿಯಾಗ್ತಾರೆ. ಅ ಆ ಇ ಈ ಅಲ್ಲ. ಮೊದಲು ರ, ಗ, ಸ, ದ, ಅ, ಆಮೇಲೆ ಜ, ವ, ಮ, ಬ, ನ. ಬರೆಯೋಕೆ ಸುಲಭವಾದ, ಒಂದಕ್ಕೊಂದು ಹೋಲೋ ಆಕಾರದ ಅಕ್ಷರಗಳು ಮೊದಲು. ಐದೇ ಅಕ್ಷರ ಕಲಿತ ಮಗು ಸರ, ಅರಸ, ಅಗಸ, ಗರಗಸ ಅಂತ ಪೂರ್ತಿ ಪದಗಳನ್ನೇ ಓದಿಬಿಡುತ್ತೆ. ಮನೆಯಲ್ಲಿ ಇನ್ನೊಂದು ಕ್ರಮದಲ್ಲಿ ತಿದ್ದಿಸೋಕೆ ಕೂತರೆ ಎರಡೂ ಕಲಸಿಹೋಗುತ್ತೆ, ಅದೊಂದು ಮಾಡಬೇಡಿ.

ಎಲ್ಲಿ ಕೆಡುತ್ತೆ ಅಂದ್ರೆ, ಒಬ್ಬರೇ ಶಿಕ್ಷಕರು ಮೂರು ತರಗತಿ ನೋಡುವಾಗ ಸಂಪೂರ್ಣ ಸಹಾಯದ ತಟ್ಟೆಯಲ್ಲಿ ಮಕ್ಕಳು ಜಮಾಯಿಸ್ತಾರೆ. ಸ್ವಕಲಿಕೆ ತಟ್ಟೆಯವರು ಕಾರ್ಡ್ ಮುಗಿಸಿ ಸುಮ್ಮನೆ ಕೂರ್ತಾರೆ. ಚುರುಕಾದ ಮಗು ಹಿಂದೆ ಬೀಳೋದು ಇಲ್ಲೇ. ನಿಮ್ಮ ಮಗನದ್ದು ಇದೇ ಕೇಸ್ ಆಗಬಹುದು, ಗಣಿತದಲ್ಲಿ ಮುಂದೆ, ಕನ್ನಡದಲ್ಲಿ ಹಿಂದೆ. ಹಾಗಾಗಿ ಸೇರಿಸಿದ ಮೊದಲ ವಾರದಲ್ಲೇ ಟೀಚರ್ ಹತ್ತಿರ ಒಂದೇ ಮಾತು ಕೇಳಿ: "ಕನ್ನಡದಲ್ಲಿ ಯಾವ ಮೈಲಿಗಲ್ಲು, ಗಣಿತದಲ್ಲಿ ಯಾವ ಮೈಲಿಗಲ್ಲು?" ಮೈಲಿಗಲ್ಲು ಅಂದ್ರೆ ಕಲಿಕಾ ಏಣಿಯ ಒಂದೊಂದು ಹಂತ, ಗೋಡೆ ಮೇಲಿರೋ ಪ್ರಗತಿ ನೋಟದಲ್ಲಿ ಅದು ಗುರುತಾಗಿರುತ್ತೆ. ಕನ್ನಡದಲ್ಲಿ 1ನೇ ತರಗತಿಯ ಏಣಿಯಿಂದ ಶುರು ಮಾಡಿಸಿದರೂ ಬೇಜಾರು ಮಾಡ್ಕೋಬೇಡಿ, ಮಾತು ಬರೋ ಮಗು ಆ ಮೆಟ್ಟಿಲುಗಳನ್ನು ಬೇಗ ಹತ್ತುತ್ತೆ.

ಮಾರ್ಚ್ ಹೊತ್ತಿಗೆ ಇಷ್ಟು ಬಂದಿರಬೇಕು: ಒತ್ತಕ್ಷರ ಇರೋ ಎಂಟು ಹತ್ತು ಸಾಲಿನ ಪ್ಯಾರಾ ತಡವರಿಸದೆ ಓದೋದು, ಮೂರಂಕಿ ಸಂಖ್ಯೆಗಳ ದಶಕ ಸಹಿತ ಸಂಕಲನ ಮತ್ತು ವ್ಯವಕಲನ, ಅಂದ್ರೆ ದಶಕ ಮುಂದಕ್ಕೆ ಒಯ್ದು ಕೂಡೋದು, ಎರವಲು ತಗೊಂಡು ಕಳೆಯೋದು. ಇಷ್ಟಿಲ್ಲದೆ 4ಕ್ಕೆ ಹೋದರೆ ಕಷ್ಟ. ಅಲ್ಲಿ ಕಾರ್ಡ್ ಇಲ್ಲ, ಪುಸ್ತಕ ಇದೆ, ಪಾಠ ಯಾರಿಗೂ ಕಾಯಲ್ಲ. ಅದೂ ಅಲ್ಲದೆ 60 ಮಕ್ಕಳವರೆಗೆ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಲೆಕ್ಕದಲ್ಲಿ 1ರಿಂದ 5ಕ್ಕೆ ಇಬ್ಬರೇ ಶಿಕ್ಷಕರು. ಒಬ್ಬರು ನಲಿ-ಕಲಿಗೆ ಹೋದರೆ ಇನ್ನೊಬ್ಬರಿಗೆ 4 ಮತ್ತು 5 ಒಟ್ಟಿಗೆ. ನಾಲ್ಕು ವಿಷಯ, ಎರಡು ತರಗತಿ, ಎಂಟು ಪುಸ್ತಕ, ಒಬ್ಬ ಮನುಷ್ಯ. ಒಂದು ತರಗತಿಗೆ ಪಾಠ ನಡೆಯುವಾಗ ಇನ್ನೊಂದಕ್ಕೆ ಬರೆಯೋ ಕೆಲಸ ಕೊಡಲೇಬೇಕು. ಬರೆಯೋಕೆ ಓದೋಕೆ ಬರದ ಮಗು ಆ 40 ನಿಮಿಷ ಏನು ಮಾಡುತ್ತೆ, ನೀವೇ ಯೋಚಿಸಿ.

6ರ ಬಗ್ಗೆ ಶಿರಾ ಮೇಷ್ಟ್ರು ಹೇಳಲಿ.

ಶಿರಾ ಗಣಿತ ವಿಜ್ಞಾನ

ಮೇಲಿನವರು ಹೇಳಿದ್ದಕ್ಕೆ ಒಂದೇ ತಿದ್ದುಪಡಿ: ಆರು ವಿಷಯ ಆಗುವುದೇ 6ನೇ ತರಗತಿಯ ಕಷ್ಟವಲ್ಲ. ಶಿಕ್ಷಕರೂ ಬದಲಾಗುತ್ತಾರೆ. 5ರವರೆಗೆ ಒಬ್ಬರೇ ಎಲ್ಲ ವಿಷಯ ನೋಡಿಕೊಳ್ಳುತ್ತಿದ್ದರು, ಯಾವ ಮಗು ಯಾವುದರಲ್ಲಿ ಹಿಂದೆ ಎಂದು ಅವರಿಗೆ ಬಾಯಿಪಾಠ. 6ರಿಂದ ವಿಷಯವಾರು ಶಿಕ್ಷಕರು. ಕನ್ನಡ ಓದಲು ಬಾರದ ಮಗುವನ್ನು ವಿಜ್ಞಾನದ ಶಿಕ್ಷಕರು "ವಿಜ್ಞಾನದಲ್ಲಿ ದಡ್ಡ" ಎಂದು ಗುರುತಿಸುವ ಅಪಾಯ ಇಲ್ಲೇ ಹೆಚ್ಚು.

ಒಂದೊಂದಾಗಿ ಹೇಳುತ್ತೇನೆ. ಹಿಂದಿ ಬಗ್ಗೆ ಚಿಂತೆ ಬೇಡ. ಇಲ್ಲಿ 6ರಲ್ಲಿ ಅಕ್ಷರಮಾಲೆಯಿಂದಲೇ ಶುರು, ಬೆಂಗಳೂರಲ್ಲಿ ಹಿಂದಿ ಓದಿದ್ದರೆ ನಿಮ್ಮ ಮಗಳು ಮುಂದೆಯೇ ಇರುತ್ತಾಳೆ. ಇಂಗ್ಲಿಷ್ ಇಲ್ಲಿ ದ್ವಿತೀಯ ಭಾಷೆ, ಅವಳಿಗೆ ಪುಸ್ತಕ ಹಗುರ. ಉಳಿಯುವ ಸಮಯವನ್ನೆಲ್ಲ ಕನ್ನಡಕ್ಕೆ ಹಾಕಿ.

ಸಮಾಜ ವಿಜ್ಞಾನದಲ್ಲಿ "ನಮ್ಮ ಕರ್ನಾಟಕ" ಎಂದು ರಾಜ್ಯದ ನಾಲ್ಕು ವಿಭಾಗಗಳ ಪರಿಚಯ ಬರುತ್ತದೆ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಮೂರೂ ಬೆಂಗಳೂರು ವಿಭಾಗ. ಸಿಬಿಎಸ್‌ಇಯಲ್ಲಿ ಇದು ಇರುವುದಿಲ್ಲ, ಆದರೆ ಮನೆಯಲ್ಲಿ ಭೂಪಟ ಹಾಕಿ ತೋರಿಸಿದರೆ ಸಾಕು.

ಗಣಿತವೇ ಮುಖ್ಯ. ಲೆಕ್ಕ ಗೊತ್ತಿರುತ್ತದೆ, ಲೆಕ್ಕದ ಮಾತು ಗೊತ್ತಿರುವುದಿಲ್ಲ. ಭಾಜ್ಯ, ಭಾಜಕ, ಭಾಗಲಬ್ಧ, ಶೇಷ. ಅಂಶ, ಛೇದ, ವಿಷಮ ಭಿನ್ನರಾಶಿ. ಅಪವರ್ತನ, ಅಪವರ್ತ್ಯ, ಮ.ಸಾ.ಅ (ಎಚ್‌ಸಿಎಫ್), ಲ.ಸಾ.ಅ (ಎಲ್‌ಸಿಎಂ), ಸುತ್ತಳತೆ, ವಿಸ್ತೀರ್ಣ, ದಶಮಾಂಶ, ಪೂರ್ಣಾಂಕ. ವಿಜ್ಞಾನದ್ದೂ ಸೇರಿ ಸುಮಾರು 60 ಪದಗಳ ಪಟ್ಟಿ ಆಗುತ್ತದೆ, ಅಷ್ಟೇ. ಅಪವರ್ತನ ಮತ್ತು ಅಪವರ್ತ್ಯ ಎರಡನ್ನು ಕನ್ನಡ ಮಾಧ್ಯಮದ ಮಕ್ಕಳೇ ಅದಲುಬದಲು ಮಾಡುತ್ತಾರೆ, ಹಾಗಾಗಿ 12ರ ಅಪವರ್ತನಗಳು 1, 2, 3, 4, 6, 12. ಅಪವರ್ತ್ಯಗಳು 12, 24, 36 ಎಂದು ಉದಾಹರಣೆ ಸಮೇತ ಬರೆಸಿ. ನೋಟ್‌ಬುಕ್ ಪುಟವನ್ನು ಮಧ್ಯದಲ್ಲಿ ಗೆರೆ ಎಳೆದು ಎಡಕ್ಕೆ ಅವಳಿಗೆ ಗೊತ್ತಿರುವ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ. ವಿಜ್ಞಾನಕ್ಕೂ ಇದೇ ಪುಸ್ತಕ: ದ್ಯುತಿಸಂಶ್ಲೇಷಣೆ, ಪತ್ರಹರಿತ್ತು, ಬಾಷ್ಪೀಕರಣ, ವಾಹಕ, ಅವಾಹಕ. ಬರೀ ಕಂಠಪಾಠ ಮಾಡಿಸಬೇಡಿ, ಪ್ರತಿ ಪದ ಹಾಕಿ ಒಂದು ವಾಕ್ಯ ಬರೆಸಿ.

ಇನ್ನು ಬುನಾದಿ ಪರೀಕ್ಷಿಸಲು ಒಂದು ಲೆಕ್ಕ ಕೊಡಿ: 612 ಭಾಗಿಸು 6. ಬಹಳ ಮಕ್ಕಳು 12 ಎಂದು ಬರೆಯುತ್ತಾರೆ. 6ರಲ್ಲಿ 6 ಒಂದು ಸಲ, ಕೆಳಗಿಳಿಸಿದ 1ರಲ್ಲಿ 6 ಹೋಗುವುದಿಲ್ಲ, ಅಲ್ಲಿ ಭಾಗಲಬ್ಧದಲ್ಲಿ 0 ಬರೆಯಬೇಕು. ಅದನ್ನು ಬಿಟ್ಟು 2 ಇಳಿಸಿ 12 ಮಾಡಿ ಮುಂದೆ ಹೋಗುತ್ತಾರೆ. ಉತ್ತರ 102. ಈ ಸೊನ್ನೆ ಬಿಡುವ ಮಗುವಿಗೆ ಸ್ಥಾನಬೆಲೆ ಇನ್ನೂ ಗಟ್ಟಿಯಾಗಿಲ್ಲ ಎಂದರ್ಥ. 6ರಲ್ಲಿ ದಶಮಾಂಶ ಬಂದಾಗ ಇದೇ ತಪ್ಪು ದುಪ್ಪಟ್ಟಾಗುತ್ತದೆ. ಆಗ ಬರೀ ಭಾಗಾಕಾರ ಅಭ್ಯಾಸ ಮಾಡಿಸಿ ಪ್ರಯೋಜನವಿಲ್ಲ, ನೂರು ಹತ್ತು ಬಿಡಿಯ ಕಟ್ಟುಗಳನ್ನು ಕಡ್ಡಿಯಲ್ಲಿ ಹಂಚಿಸಿ ತೋರಿಸಿ.

ಋಣ ಸಂಖ್ಯೆ ಹೊಸದು. −7 ಮತ್ತು −3ರಲ್ಲಿ ಯಾವುದು ದೊಡ್ಡದು ಎಂದರೆ −7 ಎನ್ನುತ್ತಾರೆ. ಸಂಖ್ಯಾರೇಖೆ ಎಳೆಯದೆ ನಿಯಮ ಹೇಳಿಕೊಡುವುದೇ ಇದಕ್ಕೆ ಕಾರಣ. 7ರಲ್ಲಿ ಪೂರ್ಣಾಂಕಗಳ ಗುಣಾಕಾರ, ಸರಳ ಸಮೀಕರಣ, 8ರಲ್ಲಿ ವರ್ಗಮೂಲ, ಘನಮೂಲ, ರೇಖಾತ್ಮಕ ಸಮೀಕರಣ ಎಲ್ಲ ಇದರ ಮೇಲೆಯೇ ನಿಲ್ಲುತ್ತವೆ.

ಜೂನ್ ಆರಂಭದಲ್ಲಿ ಎಲ್ಲ ಶಾಲೆಯಲ್ಲೂ ಸೇತುಬಂಧ ಇರುತ್ತದೆ: ನೈದಾನಿಕ ಪರೀಕ್ಷೆ, ಪರಿಹಾರ ಬೋಧನೆ, ಕೊನೆಗೆ ಸಾಫಲ್ಯ ಪರೀಕ್ಷೆ. ಹಿಂದಿನ ತರಗತಿಯ ಯಾವ ಸಾಮರ್ಥ್ಯ ಬಂದಿಲ್ಲ ಎಂದು ನೋಡುವುದೇ ಅದರ ಕೆಲಸ. ಮಗಳು ಆ ದಿನಗಳನ್ನು ತಪ್ಪಿಸಬಾರದು. "ಶಾಲೆ ಇನ್ನೂ ಸರಿಯಾಗಿ ಶುರುವಾಗಿಲ್ಲ" ಎಂದು ಜೂನ್ ಮಧ್ಯದಲ್ಲಿ ಕಳಿಸುವ ಪೋಷಕರು ಕಳೆದುಕೊಳ್ಳುವುದು ಇದನ್ನೇ.

ಬಾಗೇಪಲ್ಲಿ ಪೋಷಕ

ತುಂಬಾ ಉಪಯೋಗವಾಯಿತು ಮೇಷ್ಟ್ರೇ, ಮೇಲಿನವರಿಗೂ ವಂದನೆ. ಒಂದು ಅನುಮಾನ. ಕನ್ನಡ ಇಷ್ಟು ಹಿಂದೆ ಇದ್ದರೆ ಮಗಳನ್ನು ಮತ್ತೊಂದು ವರ್ಷ 5ಕ್ಕೇ ಹಾಕಿದರೆ ಹೇಗೆ? ನೆಂಟರೊಬ್ಬರು ಅದೇ ಒಳ್ಳೆಯದು ಎನ್ನುತ್ತಿದ್ದಾರೆ.

ಮುಳಬಾಗಿಲು ಕನ್ನಡ

ಬೇಡವೇ ಬೇಡ ಸರ್. ಕಾಯ್ದೆಯ ಆಶಯವೇ ವಯಸ್ಸಿಗೆ ತಕ್ಕ ತರಗತಿ. 5 ಮುಗಿಸಿದ ಮಗು, ಟಿಸಿಯಲ್ಲೂ ಹಾಗೇ ಇರುತ್ತೆ, 6ಕ್ಕೇ ಸೇರಬೇಕು. ಗಣಿತ, ವಿಜ್ಞಾನ, ಇಂಗ್ಲಿಷ್ ಮೂರರಲ್ಲಿ ಗೊತ್ತಿರೋದನ್ನೇ ಮತ್ತೆ ಓದಿಸಿ, ತನಗಿಂತ ಚಿಕ್ಕವರ ಜೊತೆ ಕೂರಿಸಿ ಒಂದು ಭಾಷೆ ಸರಿಮಾಡ್ತೀವಿ ಅನ್ನೋದು ದುಬಾರಿ ವ್ಯವಹಾರ.

ಕನ್ನಡ ಎರಡು ತಿಂಗಳ ರಜೆಯಲ್ಲಿ ದಾರಿಗೆ ಬರುತ್ತೆ. ಮೊದಲು ಎಲ್ಲಿ ತಪ್ಪುತ್ತಿದೆ ಅಂತ ತಿಳ್ಕೊಳ್ಳಿ. 20 ಪದ ಉಕ್ತಲೇಖನ ಕೊಡಿ, ಮೂರು ಬಗೆಯವು ಬೆರೆಸಿ. ಒಂದು, ದೀರ್ಘ ಹ್ರಸ್ವ: ಬೆಳೆ, ಬೇಳೆ; ಕೊಡು, ಕೋಡು. ಮೊದಲು ಹಿಂದಿ ಅಕ್ಷರ ಕಲಿತ ಮಕ್ಕಳು ಇಲ್ಲಿ ಖಂಡಿತ ತಪ್ತಾರೆ, ಯಾಕಂದ್ರೆ ಹಿಂದಿ ಕಾಗುಣಿತದಲ್ಲಿ ಹ್ರಸ್ವ ಎ, ಒ ಬೇರೆಯಾಗಿ ಇಲ್ಲ. ಎರಡು, ಸಜಾತೀಯ ಒತ್ತು: ಅಕ್ಕ, ಹಳ್ಳಿ, ಬೆಟ್ಟ. ಇವು ಸುಲಭ. ಮೂರು, ವಿಜಾತೀಯ ಒತ್ತು: ಪುಸ್ತಕ, ಚಂದ್ರ, ವರ್ಷ, ಸೂರ್ಯ. ಇದರಲ್ಲಿ ಅರ್ಕಾವತ್ತು ದೊಡ್ಡ ತಲೆನೋವು. ಸೂರ್ಯ ಅನ್ನುವಾಗ ರ್ ಮೊದಲು ಕೇಳಿಸುತ್ತೆ, ಆದರೆ ಯ ಬರೆದ ಮೇಲೆ ಕೊನೆಗೆ ಅರ್ಕಾವತ್ತು ಹಾಕಬೇಕು. ಕಿವಿಗೆ ಕೇಳಿದ ಕ್ರಮದಲ್ಲೇ ಬರೆಯೋ ಮಗು ಚೆನ್ನಾಗಿ ಕೇಳಿಸ್ಕೊಂಡೂ ತಪ್ಪುತ್ತೆ. ಕೆಂಪಿಂಕಲ್ಲಿ ಸುತ್ತು ಹಾಕೋ ಬದಲು ಬರೆಯೋ ಕ್ರಮ ತೋರಿಸಿ.

ಆಮೇಲೆ 4ನೇ ತರಗತಿ ಕನ್ನಡ ಪುಸ್ತಕದಿಂದ ಶುರು ಮಾಡಿ, 6ರದ್ದನ್ನು ಈಗಲೇ ಕೈಗೆ ಕೊಡಬೇಡಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಿಡಿಎಫ್ ಉಚಿತವಾಗಿ ಸಿಗುತ್ತೆ. ದಿನಕ್ಕೆ ಅರ್ಧ ಗಂಟೆ: 10 ನಿಮಿಷ ಗಟ್ಟಿಯಾಗಿ ಓದು, 10 ನಿಮಿಷ ಅದೇ ಪ್ಯಾರಾದಿಂದ ಉಕ್ತಲೇಖನ, 10 ನಿಮಿಷ ಓದಿದ್ದನ್ನು ಸ್ವಂತ ವಾಕ್ಯದಲ್ಲಿ ಬರೆಯೋದು. ಗಟ್ಟಿ ಓದು ತಪ್ಪಿಸಬೇಡಿ. ಮನಸ್ಸಲ್ಲೇ ಓದೋ ಮಗು ಒತ್ತಕ್ಷರ ಬಂದ ಕಡೆ ಅಂದಾಜು ಹೊಡೆದು ಹಾರಿಬಿಡುತ್ತೆ, ನಿಮಗೆ ಗೊತ್ತೇ ಆಗಲ್ಲ.

ತೆಲುಗು ಮನೆಮಾತು ಅಂತ ತಲೆ ಕೆಡಿಸ್ಕೋಬೇಡಿ. ಪಾವಗಡ, ಬಾಗೇಪಲ್ಲಿ, ಶ್ರೀನಿವಾಸಪುರ, ನಮ್ಮ ಮುಳಬಾಗಿಲು, ಎಲ್ಲ ಕಡೆ ಅರ್ಧ ಕೋಣೆ ತೆಲುಗಿನ ಮಕ್ಕಳೇ. ಹಾಲಿನ ಚಿತ್ರ ತೋರಿಸಿದರೆ "ಪಾಲು" ಅಂದು ಪ ಅಕ್ಷರ ಬರೆಯೋ ಮಗುವಿಗೆ ಅಕ್ಷರ ಬಂದಿದೆ, ಪದ ಬಂದಿಲ್ಲ. ನಿಮ್ಮ ಮಕ್ಕಳಿಗೆ ಪದ ಇದೆ, ಅಕ್ಷರ ಬೇಕು. ಇದು ಸುಲಭದ ಕಡೆ.

ಅಂದಹಾಗೆ, ಕೆಲವು ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗವೂ ಇದೆ, ಅಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇರೋ ದ್ವಿಭಾಷಾ ಪುಸ್ತಕ ಕೊಡ್ತಾರೆ. ನಿಮ್ಮ ಶಾಲೆಯಲ್ಲಿ ಆ ವಿಭಾಗ ಇಲ್ಲದಿದ್ದರೂ ಆ ಗಣಿತ ಪುಸ್ತಕದ ಪಿಡಿಎಫ್ ಸಿಕ್ಕರೆ ಇಳಿಸ್ಕೊಳ್ಳಿ. ಶಿರಾ ಮೇಷ್ಟ್ರು ಹೇಳಿದ ಪದಪಟ್ಟಿ ಅರ್ಧ ಅಲ್ಲೇ ಸಿದ್ಧವಾಗಿರುತ್ತೆ.

ಮಧುಗಿರಿ ಸಿಆರ್‌ಪಿ

ಪರೀಕ್ಷೆ ಮತ್ತು 8ನೇ ತರಗತಿ ಬಗ್ಗೆ ಯಾರೂ ಹೇಳಿಲ್ಲ, ಅದನ್ನು ಮುಗಿಸುತ್ತೇನೆ.

ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ. ಎಲ್ಲರೂ ಎಫ್‌ಎ, ಎಸ್‌ಎ ಎಂದೇ ಕರೆಯುವುದು. ಒಂದೊಂದು ಎಫ್‌ಎಗೆ ಶೇ 15, ಒಂದೊಂದು ಎಸ್‌ಎಗೆ ಶೇ 20. ಎಫ್‌ಎ 1, ಎಫ್‌ಎ 2, ಎಸ್‌ಎ 1 ಸೇರಿ ದಸರೆ ರಜೆಯ ಆಸುಪಾಸಿಗೆ 50. ಉಳಿದ 50 ಎರಡನೇ ಅವಧಿಗೆ. ಅಂದರೆ ವರ್ಷದ ಅಂಕದಲ್ಲಿ 60 ಎಫ್‌ಎಗೆ, ಮುಖ್ಯವಾಗಿ ತರಗತಿಯೊಳಗಿನ ಚಟುವಟಿಕೆಗೆ, 40 ಮಾತ್ರ ಅವಧಿಯ ಕೊನೆಯ ಪರೀಕ್ಷೆಯಾದ ಎಸ್‌ಎಗೆ. ಶ್ರೇಣಿ ಹೀಗೆ: 90ರಿಂದ ಮೇಲೆ ಎ ಪ್ಲಸ್, 70ರಿಂದ 89 ಎ, 50ರಿಂದ 69 ಬಿ ಪ್ಲಸ್, 30ರಿಂದ 49 ಬಿ, ಅದಕ್ಕಿಂತ ಕೆಳಗೆ ಸಿ. ಆಟ, ಚಿತ್ರಕಲೆ, ಮೌಲ್ಯ ಶಿಕ್ಷಣ ಇತ್ಯಾದಿ ಬೇರೆಯಾಗಿ ಭಾಗ ಬಿಯಲ್ಲಿ ಬರುತ್ತವೆ.

ಎಫ್‌ಎ ದಾರಿ ತಪ್ಪುವುದು ಯೋಜನೆ (ಪ್ರಾಜೆಕ್ಟ್) ಹೆಸರಲ್ಲಿ. ಮಗು ಮಾಡಬೇಕಾದ ಚಟುವಟಿಕೆಯನ್ನು ಜೆರಾಕ್ಸ್ ಅಂಗಡಿಯವನು ಚಿತ್ರ ಮುದ್ರಿಸಿ ಬೈಂಡ್ ಮಾಡಿ ಕೊಡುತ್ತಾನೆ. ಅದಕ್ಕೆ ಅಂಕ ಬೀಳುತ್ತದೆ, ಕಲಿಕೆ ಬೀಳುವುದಿಲ್ಲ. ಮಗಳಿಗೆ "ನಮ್ಮ ಊರಿನ ನೀರಿನ ಮೂಲಗಳು" ಎಂದು ಬಂದರೆ ಕೆರೆ, ಕಲ್ಯಾಣಿ, ಬೋರ್‌ವೆಲ್ ನೋಡಿಕೊಂಡು ಬಂದು ಅವಳ ಕೈಬರಹದಲ್ಲೇ ಎರಡು ಪುಟ ಬರೆಯಲಿ. ಕನ್ನಡ ಬರವಣಿಗೆಗೂ ಅದೇ ಅಭ್ಯಾಸ.

ವೇಳಾಪಟ್ಟಿ ಸಾಮಾನ್ಯವಾಗಿ ವಾರಕ್ಕೆ 45 ಅವಧಿ, ಒಂದೊಂದು 40 ನಿಮಿಷ: ಸೋಮವಾರದಿಂದ ಶುಕ್ರವಾರ ದಿನಕ್ಕೆ 8, ಶನಿವಾರ 5. ಗಣಿತವನ್ನು ಮಧ್ಯಾಹ್ನದ ಬಿಸಿಯೂಟದ ನಂತರ ಹಾಕಿದ್ದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಕೇಳಬಹುದು, ಜಗಳವಾಗಿ ಅಲ್ಲ, ಸಲಹೆಯಾಗಿ. ಕಾಯ್ದೆ ಪ್ರಕಾರ 1ರಿಂದ 5ಕ್ಕೆ ವರ್ಷಕ್ಕೆ 200 ದಿನ, 800 ಗಂಟೆ. 6ರಿಂದ 8ಕ್ಕೆ 220 ದಿನ, 1000 ಗಂಟೆ ಬೋಧನೆ ಇರಬೇಕು.

8ಕ್ಕೆ ಮಗಳು ಪ್ರೌಢಶಾಲೆಗೆ ಹೋಗಬೇಕು. ಕಾಗದದ ಮೇಲೆ 1ರಿಂದ 8 ಒಂದೇ ಘಟಕ. ನಮ್ಮಲ್ಲಿ ಮಾತ್ರ ಬಹುತೇಕ ಹಿರಿಯ ಪ್ರಾಥಮಿಕ ಶಾಲೆಗಳು 7ಕ್ಕೇ ನಿಲ್ಲುತ್ತವೆ. ಕಟ್ಟಡ ಬೇರೆ, ಶಿಕ್ಷಕರು ಬೇರೆ, ದಿನಾ ಬಸ್ಸು. ಇದೇ ಗೊಂದಲದ ವರ್ಷದಲ್ಲಿ ವಿದ್ಯಾರ್ಥಿವೇತನದ ಎನ್‌ಎಂಎಂಎಸ್ ಪರೀಕ್ಷೆ ಬರುತ್ತದೆ. ಸರ್ಕಾರಿ, ಅನುದಾನಿತ ಶಾಲೆಯ 8ನೇ ತರಗತಿಯವರಿಗೆ, ಪೋಷಕರ ವಾರ್ಷಿಕ ಆದಾಯ ಮೂರೂವರೆ ಲಕ್ಷದೊಳಗಿರಬೇಕು. ಬೌದ್ಧಿಕ ಸಾಮರ್ಥ್ಯದ 90 ಪ್ರಶ್ನೆ, ವಿಷಯಗಳ 90 ಪ್ರಶ್ನೆ. ಆಯ್ಕೆಯಾದರೆ 9ರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ. 7ರಲ್ಲಿ ಶೇ 55 ಅಂಕ ಇರಬೇಕು, ಆದ್ದರಿಂದ 7ರ ಎಫ್‌ಎಗಳನ್ನು ಹಗುರವಾಗಿ ನೋಡಬೇಡಿ.

ಮಗನಿಗೆ 6ರಿಂದ ನವೋದಯ (ಕೇಂದ್ರ ಸರ್ಕಾರದ ವಸತಿ ಶಾಲೆ) ಮನಸ್ಸಿನಲ್ಲಿದ್ದರೆ ಈಗಿನ ಸೇರ್ಪಡೆ ಸರಿಯಾದ ಸಮಯಕ್ಕೇ ಆಗುತ್ತಿದೆ. ಗ್ರಾಮೀಣ ಮೀಸಲಾತಿಗೆ 3, 4, 5 ಮೂರೂ ವರ್ಷ ಹಳ್ಳಿಯ ಶಾಲೆಯಲ್ಲಿ ಓದಿರಬೇಕು. 3ರ ಮಧ್ಯದಲ್ಲಿ ಬಂದರೆ ಆ ಲೆಕ್ಕ ತಪ್ಪುತ್ತದೆ. ಪರೀಕ್ಷೆ 5ರಲ್ಲಿ, 80 ಪ್ರಶ್ನೆ, 2 ಗಂಟೆ, ಕನ್ನಡದಲ್ಲೇ ಬರೆಯಬಹುದು.

ದಾಖಲೆಗೆ ಹಳೇ ಶಾಲೆಯಿಂದ ಟಿಸಿ, ಪ್ರಗತಿ ಪತ್ರ ತನ್ನಿ, ಮಗುವಿನ ಸ್ಯಾಟ್ಸ್ ಸಂಖ್ಯೆ (ರಾಜ್ಯದ ಆನ್‌ಲೈನ್ ವಿದ್ಯಾರ್ಥಿ ದಾಖಲೆಯ ಸಂಖ್ಯೆ) ಬರೆದುಕೊಳ್ಳಿ. ಹೆಸರಿನ ಕಾಗುಣಿತ, ಹುಟ್ಟಿದ ದಿನಾಂಕ ಆಧಾರ್ ಜೊತೆ ತಾಳೆಯಾಗುತ್ತದೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ, ಇಲ್ಲಿಗೆ ಬಂದ ಮೇಲೆ ತಿದ್ದಿಸಲು ಮತ್ತೆ ಬೆಂಗಳೂರಿಗೇ ಓಡಬೇಕು. ಟಿಸಿ ತಡವಾದರೆ ಮಕ್ಕಳನ್ನು ಮನೆಯಲ್ಲಿ ಕೂರಿಸಬೇಡಿ, ಅದೊಂದು ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ.

ಬಾಗೇಪಲ್ಲಿ ಪೋಷಕ

612 ಭಾಗಿಸು 6 ಈಗಲೇ ಕೊಟ್ಟು ನೋಡಿದೆ. ಮಗಳು 102 ಬರೆದಳು, ಆದರೆ "ಭಾಗಲಬ್ಧ ಎಷ್ಟು" ಎಂದಾಗ ಸುಮ್ಮನಾದಳು. ಪದಪಟ್ಟಿಯಿಂದಲೇ ಶುರು ಮಾಡುತ್ತೇನೆ. ಶಿರಾ ಮೇಷ್ಟ್ರೇ, ನಿಮ್ಮ ಹತ್ತಿರ ಆ 60 ಪದ ಬರೆದಿಟ್ಟಿದ್ದರೆ ಇಲ್ಲೇ ಹಾಕಿ.

ಶಿರಾ ಗಣಿತ ವಿಜ್ಞಾನ

ಇಂದು ರಾತ್ರಿ ಹಾಕುತ್ತೇನೆ. ಗಣಿತದ 35 ಮೊದಲು, ವಿಜ್ಞಾನದ್ದು ಆಮೇಲೆ.